ಟೋಕನ್ ಯಾವ ಮನೆಯಲ್ಲಿತ್ತು?

"ಮುಟ್ಟಬೇಡಿ ಮೇಡಂ, ಬರೀ ಕಣ್ಣಲ್ಲಿ ನೋಡಿ," ಎಂದು ಇನ್‌ಸ್ಪೆಕ್ಟರ್ ಕೆಂಚಪ್ಪ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟರು.

ಕವರಿನೊಳಗೆ ಒಂದು ಹಿತ್ತಾಳೆ ಗುಂಡು. ಮೂಸಂಬಿಯಷ್ಟು ಗಾತ್ರ, ತೂಕ ಮಾತ್ರ ಕೈ ಜಗ್ಗುವಷ್ಟು. ಮೈಮೇಲೆ ಎರಡು ಸ್ಟೇಷನ್ನಿನ ಹೆಸರು ಕೊರೆದಿದ್ದರು. ಮೀಟರ್ ಗೇಜ್ ಕಾಲದ ರೈಲ್ವೆ ಟೋಕನ್ ಅದು. ಒಂಟಿ ಹಳಿಯ ಮೇಲೆ ಈ ಗುಂಡು ಕೈಗೆ ಬರದೆ ಯಾವ ಡ್ರೈವರೂ ಗಾಡಿ ಬಿಡುವ ಹಾಗಿರಲಿಲ್ಲ. ಎಷ್ಟು ಗಾಡಿ ಹೊರಡಿಸಿತ್ತೋ ದೇವರಿಗೇ ಗೊತ್ತು, ಈಗ ವಿನುತಾಳ ಒಬ್ಬನೇ ತಮ್ಮನನ್ನು ಲಾಕಪ್ಪಿನಲ್ಲಿ ಕೂರಿಸಿತ್ತು.

ಬಸವನಗುಡಿಯ ವಾದಿರಾಜ ರಾಯರು ಬುಧವಾರ ಸಂಜೆ ತಮ್ಮ ಮನೆಯ ರೈಲು ಕೋಣೆಯಲ್ಲಿ ತಲೆಯ ಹಿಂಭಾಗ ಒಡೆದು ಸತ್ತು ಬಿದ್ದಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಹಳೇ ರೈಲ್ವೆ ಸಾಮಾನು ಕೂಡಿಡುವುದೇ ಅವರ ಉಸಿರಾಗಿತ್ತು. ಅವರ ಟೋಕನ್ ಇವತ್ತು ಬೆಳಿಗ್ಗೆ ಸಿಕ್ಕಿದ್ದು ಚಾಮರಾಜಪೇಟೆಯಲ್ಲಿ, ವಿನುತಾಳ ತಮ್ಮ ಹರಿಕೃಷ್ಣನ ಗುಜರಿ ಅಂಗಡಿಯ ಚೀಲದೊಳಗೆ.

"ಪೆಟ್ಟು ಬಿದ್ದಿರೋದು ಇದರಲ್ಲೇ ಅಂತ ಡಾಕ್ಟರು ಹೇಳ್ತಿದಾರೆ. ಮೇಲೆಲ್ಲ ತೊಳೆದಿದಾನೆ. ಅಕ್ಷರದ ಸಂದಿಯಲ್ಲಿ ರಕ್ತ ಉಳ್ಕೊಂಡಿದೆ. ಬುಧವಾರ ಮಧ್ಯಾಹ್ನ ಆ ಮನೆಗೆ ಹೋಗಿದ್ದೆ ಅಂತ ಅವನೇ ಒಪ್ಕೊಂಡಿದಾನೆ," ಎಂದರು ಕೆಂಚಪ್ಪ. ಅವರ ದನಿಯಲ್ಲಿ ಗೆದ್ದ ಹಿಗ್ಗಿರಲಿಲ್ಲ. ವಿನುತಾ ಈ ಠಾಣೆಗೆ ಹೊಸಬಳಲ್ಲ. ಖಾಸಗಿ ಪತ್ತೇದಾರಿಕೆ ಅಂತ ಬೋರ್ಡು ಹಾಕಿಕೊಂಡು, ಮದುವೆ ಗಂಡುಗಳ ಜಾತಕದಲ್ಲಿಲ್ಲದ ಸಂಗತಿ ಹುಡುಕಿಕೊಡುತ್ತಿದ್ದವಳು, ಒಂದೆರಡು ಸಲ ಕೆಂಚಪ್ಪನವರ ಮಾನ ಉಳಿಸಿದ್ದಳು.

ವಿನುತಾ ಬಗ್ಗಿ ನೋಡಿದಳು. ಗುಂಡು ಲಕಲಕ ಹೊಳೆಯುತ್ತಿತ್ತು. ಕೊರೆದ ಒಂದು ಅಕ್ಷರದ ಮೂಲೆಯಲ್ಲಿ ಕಂದು ಬಣ್ಣದ ಸಣ್ಣ ನಾರು ಸಿಕ್ಕಿಕೊಂಡಿತ್ತು.

"ಸರ್, ಇದು ಹುಣಸೆಹಣ್ಣಿನ ನಾರು."

"ಇರಬಹುದು. ಹುಣಸೆಹಣ್ಣು ಯಾರ ಮನೇಲಿಲ್ಲ ಮೇಡಂ?"

"ನಮ್ಮ ಹರಿ ಹಳೇ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಲ್ಲ. ಯಾವ ಸಂಗ್ರಹಕಾರನೂ ಹಚ್ಚಲ್ಲ. ಹೊಳಪು ಬಂತು ಅಂದ್ರೆ ಹಳೇತನ ಹೋಯ್ತು, ಆಮೇಲೆ ಅದನ್ನ ತೂಕಕ್ಕೆ ಹಾಕ್ಬೇಕು ಅಷ್ಟೇ."

"ರಕ್ತ ತೊಳೆಯೋ ಅವಸರದಲ್ಲಿ ಯಾರು ಹಳೇತನ ನೋಡ್ತಾರೆ?" ಎಂದು ಕೆಂಚಪ್ಪ ಕವರು ಎತ್ತಿಟ್ಟುಕೊಂಡರು. "ನಾಳೆ ಬೆಳಿಗ್ಗೆ ಕೋರ್ಟಿಗೆ ಕರ್ಕೊಂಡು ಹೋಗ್ತೀನಿ. ಜೈಲಿಗೆ ಹೋದ ಅಂದ್ರೆ ಆಮೇಲೆ ನನ್ನ ಕೈಲಿ ಏನೂ ಇರಲ್ಲ. ಅಷ್ಟರೊಳಗೆ ಏನಾದ್ರೂ ತಂದ್ರೆ ನೋಡೋಣ. ಹೋಗಿ, ಮಾತಾಡಿಸಿ."

ಹರಿ ಲಾಕಪ್ಪಿನ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಅಕ್ಕನನ್ನು ಕಂಡದ್ದೇ ಎದ್ದು ಬಂದು ಕಂಬಿ ಹಿಡಿದುಕೊಂಡ. ಬೆಳಗಿನಿಂದ ತಿಂಡಿ ಮುಟ್ಟಿರಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮರುಕವನ್ನು ಅವನ ಮುಂದೆ ತೋರಿಸುವ ಹೆಂಗಸಲ್ಲ ವಿನುತಾ.

"ಅಳ್ಬೇಡ ಮಂಗ. ಕೇಳಿದ್ದಕ್ಕೆ ಉತ್ತರ ಕೊಡು. ಬುಧವಾರ ಏನಾಯ್ತು?"

"ಒಂದು ಗಾರ್ಡ್ ಲ್ಯಾಂಪ್ ತೋರಿಸೋಕೆ ಹೋಗಿದ್ದೆ ಅಕ್ಕಾ. ರಾಯರು ಚೆನ್ನಾಗೇ ಮಾತಾಡಿದ್ರು. ತಲೆನೋವು ಕಣೋ, ಆಮೇಲೆ ಬಾ ಅಂದ್ರು. ಬಂದೆ."

"ಟೋಕನ್?"

"ಅದೇ ತಮಾಷೆ! ಗೋಡೆ ಮೇಲೆ ಅದನ್ನ ಇಡೋ ಗೂಟ ಖಾಲಿ ಇತ್ತು. ಟೋಕನ್ ಆ ಮನೇಲೇ ಇರ್ಲಿಲ್ಲ. ಹೇಳಿದ್ರೆ ಇವ್ರು ನಗ್ತಾರೆ."

"ಇರ್ಲಿಲ್ಲ ಅಂದ್ರೆ ಎಲ್ಲಿತ್ತು?"

ಹರಿ ಮೂಗು ಒರೆಸಿಕೊಂಡ. "ಮಲ್ಲೇಶ್ವರದಲ್ಲಿ. ಅಲ್ಲಿ ಚಕ್ರಪಾಣಿಗಳು ಅಂತ ಇದಾರಲ್ಲ, ರಾಯರ ದೋಸ್ತು, ಅವ್ರಿಗೂ ಇದೇ ಹುಚ್ಚು. ಇಬ್ರೂ ಸೇರಿ ಆ ಟೋಕನ್ ಕೊಂಡಿದ್ರು. ಒಂದು ಕಾನೂನು ಮಾಡ್ಕೊಂಡಿದ್ರು. ಬಸವನಗುಡಿ ಒಂದು ಸ್ಟೇಷನ್, ಮಲ್ಲೇಶ್ವರ ಒಂದು ಸ್ಟೇಷನ್. ಟೋಕನ್ ಯಾರ ಮನೇಲಿದೆಯೋ ಅವ್ರೇ ಹೊರಡ್ಬೇಕು. ಹೋಗಿ ಅದನ್ನ ಕೊಟ್ಟು, ಕಾಫಿ ಕುಡಿದು ಬರೋದು. ಮುಂದಿನ ಸಲ ಅವ್ರ ಸರದಿ."

"ವಾಪಸ್ ಬರೋಕೆ ಟೋಕನ್ ಬೇಡ್ವಾ?"

"ವಾಪಸ್ ಬರೋದು ಲೆಕ್ಕಕ್ಕಿಲ್ಲ ಅಂತೆ. ಅದೂ ಅವ್ರದೇ ಕಾನೂನು. ವಯಸ್ಸಾದ ಮೇಲೆ ಆಡೋ ಆಟ ಅಕ್ಕಾ. ಆದ್ರೆ ಎಷ್ಟು ನಿಷ್ಠೆ ಅಂದ್ರೆ, ಟೋಕನ್ ಇಲ್ದೆ ಹಬ್ಬದೂಟಕ್ಕೆ ಕರೆದ್ರೂ ಹೋಗ್ತಿರ್ಲಿಲ್ಲ."

"ಮತ್ತೆ ನಿನ್ನ ಚೀಲಕ್ಕೆ ಹೇಗೆ ಬಂತು?"

"ಗುರುವಾರ ರಾಯರನ್ನ ತಗೊಂಡು ಹೋಗುವಾಗ ನಾನೂ ಹೋಗಿದ್ದೆ. ಗೂಡ್ಸ್ ಆಟೋ ಅವ್ರ ಗೇಟಿನ ಮುಂದೇನೇ ನಿಲ್ಲಿಸಿದ್ದೆ. ಹಿಂದೆ ಚೀಲಗಳಿದ್ವು. ಅಲ್ಲಿ ಬಂದಿದ್ದೋರು ಯಾರು ಬೇಕಾದ್ರೂ ಹಾಕಿರಬಹುದು. ಅಕ್ಕಾ... ನನ್ನನ್ನ ಜೈಲಿಗೆ ಹಾಕ್ತಾರಾ?"

"ನಾನು ಸತ್ತಿಲ್ಲ ಇನ್ನೂ," ಎಂದು ವಿನುತಾ ಸಿಡುಕಿದಳು. ಹೊರಗೆ ಬಂದ ಮೇಲೆ ಬೇವಿನ ಮರದ ನೆರಳಲ್ಲಿ ನಿಂತು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

*

ವಾದಿರಾಜ ರಾಯರ ಮನೆ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯಲ್ಲಿತ್ತು. ಬಾಗಿಲು ತೆಗೆದದ್ದು ಅವರ ಅಕ್ಕ ಜಾನಕಮ್ಮ. ಚಿಕ್ಕವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು, ಮದುವೆಯಾಗದ ತಮ್ಮನಿಗೆ ಅಲ್ಲಿಂದ ಇಲ್ಲಿವರೆಗೆ ಬೇಯಿಸಿ ಬಡಿಸಿದವರು. ಸಣ್ಣ ಆಳು, ನೆಟ್ಟಗಿನ ಬೆನ್ನು.

"ಹರಿಯ ಅಕ್ಕನಾ? ಬಾಮ್ಮಾ ಒಳಗೆ. ಸೂತಕದ ಮನೆ, ಬಾ ಅನ್ನಬಾರದು, ಆದ್ರೂ ಬಂದ್ಬಿಟ್ಟಿದೀಯಲ್ಲ."

ವಿನುತಾ ಚಪ್ಪಲಿ ಬಿಡುತ್ತಾ ಬಾಗಿಲನ್ನೇ ನೋಡಿದಳು. ಹಿತ್ತಾಳೆಯ ಚಿಲಕ ಮಿಂಚುತ್ತಿತ್ತು. ಹೊಸ್ತಿಲಿಗೆ ಹೊಡೆದ ಹಿತ್ತಾಳೆ ಪಟ್ಟಿ ಮಿಂಚುತ್ತಿತ್ತು. ನಡುಮನೆಯ ತೂಗುಯ್ಯಾಲೆಯ ಸರಪಳಿಯ ಒಂದೊಂದು ಕೊಂಡಿಯೂ ಆಗ ತಾನೇ ಅಂಗಡಿಯಿಂದ ತಂದ ಹಾಗಿತ್ತು.

ರೈಲು ಕೋಣೆಗೆ ಕಾಲಿಟ್ಟರೆ ಬೇರೆಯೇ ಲೋಕ. ಒಂದೇ ಒಂದು ಹೊಸ್ತಿಲು, ಅಲ್ಲಿಗೆ ಹೊಳಪು ನಿಂತುಹೋಗಿತ್ತು. ಕಪ್ಪು ಹಿಡಿದ ಗಾರ್ಡ್ ಲ್ಯಾಂಪುಗಳು, ಕಿಲುಬು ಕಟ್ಟಿದ ಬಿಲ್ಲೆಗಳು, ರಟ್ಟಿನ ಹಳೇ ಟಿಕೆಟ್ಟುಗಳನ್ನು ಜೋಡಿಸಿದ ಗಾಜಿನ ಪೆಟ್ಟಿಗೆ, ಗಂಟೆಯ ಹಾಗೆ ತೂಗುಹಾಕಿದ ರೈಲು ಕಂಬಿಯ ತುಂಡು, ಅದನ್ನು ಬಡಿಯಲು ಒಂದು ಸುತ್ತಿಗೆ. ನೆಲದ ಮೇಲೆ ಪೊಲೀಸರು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು. ಗೋಡೆಯ ಮೇಲಿನ ಗೂಟ ಖಾಲಿಯಾಗಿತ್ತು.

"ಇಲ್ಲಿಗೆ ನೀವು ಕೈ ಹಾಕ್ತಿರ್ಲಿಲ್ವಾ ಅಮ್ಮಾ?"

"ಅಯ್ಯೋ, ಕಸ ಗುಡಿಸೋಕೆ ಮಾತ್ರ ಅಪ್ಪಣೆ. ಒಂದ್ಸಲ ನಾಗರಪಂಚಮಿ ಅಂತ ಅದೊಂದು ಲ್ಯಾಂಪ್ ಬೆಳಗಿಬಿಟ್ಟೆ ನೋಡು," ಎಂದು ಜಾನಕಮ್ಮ ಮೂಲೆಗೆ ಕೈ ತೋರಿಸಿದರು. ಅಲ್ಲಿ ಒಂದೇ ಒಂದು ಲ್ಯಾಂಪು ಉಳಿದವುಗಳಿಗಿಂತ ತಿಳಿಯಾಗಿತ್ತು. "ವಾದಿ ಅವತ್ತು ಊಟ ಮಾಡ್ಲಿಲ್ಲ. ಮಾತೂ ಆಡ್ಲಿಲ್ಲ. ನಂಗೇನಮ್ಮಾ ಗೊತ್ತು ಈ ರೈಲು ಹುಚ್ಚು? ಕೊಳಕು ಕಂಡ್ರೆ ಕೈ ಸುಮ್ಮನಿರಲ್ಲ."

"ಬುಧವಾರ ಹರಿ ಹೋದ್ಮೇಲೆ ರಾಯರು ಮಾತಾಡಿದ್ದು ಕೇಳಿದ್ರಾ?"

"ಕೇಳ್ದೆ ಏನು? ಕಾಫಿ ಕೊಡು ಅಂದ. ಕುಡಿದ. ನಿನ್ನ ತಮ್ಮ ಒಳ್ಳೇ ಹುಡುಗ ಕಣಮ್ಮಾ, ನನ್ನನ್ನ ಅಮ್ಮಾ ಅಂತಾನೇ ಕರೆಯೋದು."

ವಿನುತಾಳಿಗೆ ಕೂಗಿಕೊಳ್ಳಬೇಕೆನಿಸಿತು. ಹರಿ ಹೊರಟ ಮೇಲೆ ರಾಯರು ಬದುಕಿದ್ದರು! "ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಅವ್ರು ಕೇಳಿದ್ದು ಮನೆಗೆ ಯಾರು ಬಂದಿದ್ರು ಅಂತ. ಹರಿ ಅಂದೆ. ಬರ್ಕೊಂಡು ಹೋದ್ರು." ಅವರು ಉಯ್ಯಾಲೆಯ ಸರಪಳಿಯನ್ನು ಸೆರಗಿನ ತುದಿಯಿಂದ ಒರೆಸಿದರು, ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. "ಸಂಜೆ ಠಾಣೆಗೆ ಬಂದು ಹೇಳ್ತೀನಿ ಬಿಡು. ಮೊದ್ಲೇ ಹೇಳ್ಬೇಕಿತ್ತು. ತಲೆ ಓಡ್ಲಿಲ್ಲ ನಂಗೆ. ಭಾನುವಾರದಿಂದಲೇ ಈ ಮನೆಗೆ ಗ್ರಹಚಾರ. ವಾದಿ ಮಲ್ಲೇಶ್ವರಕ್ಕೆ ಹೋಗಿ, ಅಲ್ಲಿ ಉಪ್ಪಿಟ್ಟು ಜಾಸ್ತಿ ತಿಂದು, ಹೊಟ್ಟೆ ಉಬ್ಬರ ಅಂತ ಬಂದು ಮಲ್ಕೊಂಡ."

ವಿನುತಾ ಹೊರಡಲು ಎದ್ದವಳು ಅಲ್ಲೇ ನಿಂತಳು.

ಭಾನುವಾರ ವಾದಿರಾಜರು ಮಲ್ಲೇಶ್ವರಕ್ಕೆ ಹೋಗಿದ್ದರು. ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಅಂದರೆ ಟೋಕನ್ ಹೋಗಿತ್ತು, ಚಕ್ರಪಾಣಿಯ ಮನೆಯಲ್ಲಿ ಉಳಿದಿತ್ತು. ಹರಿ ಸುಳ್ಳು ಹೇಳಿರಲಿಲ್ಲ. ಆಮೇಲೆ ಅದು ಬಸವನಗುಡಿಗೆ ಬರಬೇಕಾದರೆ ಒಂದೇ ದಾರಿ, ಚಕ್ರಪಾಣಿಯೇ ತರಬೇಕು. ಬಂದಿದ್ದೆ ಅಂತ ಅವರು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ!

"ಚಕ್ರಪಾಣಿಗಳ ಮನೆ ಎಲ್ಲಿ ಅಮ್ಮಾ?"

"ಮಾರ್ಗೋಸಾ ರಸ್ತೆ ಹತ್ರ," ಎಂದು ಜಾನಕಮ್ಮ ತಕ್ಷಣ ಹೇಳಿದರು. "ಹೋಗಿ ಬಾ. ಅಷ್ಟರಲ್ಲಿ ನಾನೂ ಠಾಣೆಗೆ ಹೋಗಿರ್ತೀನಿ."

ಎಂಥ ಒಳ್ಳೇ ಹೆಂಗಸು ಅಂದುಕೊಂಡಳು ವಿನುತಾ. ಅವಸರದಲ್ಲಿ ಚಪ್ಪಲಿ ಅದಲುಬದಲು ಹಾಕಿಕೊಂಡು ರಸ್ತೆಗಿಳಿದಳು.

*

ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದಳು. ಹೊರಗೆ ಹೋಗುವ ಬದಲು ಬ್ಯಾಗು ತಪಾಸಣೆಯ ಮೆಷಿನ್ನಿನ ಕಡೆ ನಡೆದಳು. ಕತ್ತರಿ ಕಂಡರೂ ಬಿಚ್ಚಿಸಿ ನೋಡುವ ಜಾಗ ಇದು. ಮೂಸಂಬಿ ಗಾತ್ರದ ಲೋಹದ ಗುಂಡು ಇವರ ಕಣ್ಣು ತಪ್ಪಿಸಿ ಹೋಗಿರಲಾರದು.

ಅಲ್ಲಿದ್ದ ಸೆಕ್ಯೂರಿಟಿ ಹೆಂಗಸು ಕೇಳಿದ್ದೇ ತಡ ನಕ್ಕುಬಿಟ್ಟಳು. "ಗುಂಡಿನ ತಾತನಾ? ಗೊತ್ತಿಲ್ದೆ ಏನು! ಮೊದಲ ಸಲ ಬಾಂಬು ಅಂದ್ಕೊಂಡು ನಾವೆಲ್ಲ ಓಡಿಬಿಟ್ವಿ. ಈಗ ಮೆಷಿನ್ನಲ್ಲಿ ಕಂಡ ಕೂಡ್ಲೇ ನಾನೇ ಬಿಡ್ತೀನಿ. ಅವ್ರು 'ಲೈನ್ ಕ್ಲಿಯರಾ ತಾಯಿ?' ಅಂತಾರೆ, ನಾನು 'ಕ್ಲಿಯರ್ ತಾತ' ಅಂತೀನಿ."

"ಕೊನೇ ಸಲ ಯಾವಾಗ ಹೋದ್ರು?"

"ಈ ಬುಧವಾರ, ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ. ಯಾಕಕ್ಕಾ, ಏನಾದ್ರೂ ತೊಂದ್ರೆನಾ?"

ತೊಂದರೆ ಅವರಿಗೆ ಈಗ ಶುರುವಾಗುತ್ತೆ, ಎಂದು ವಿನುತಾ ಮನಸ್ಸಿನಲ್ಲೇ ಹಲ್ಲು ಕಡಿದಳು.

*

ಚಕ್ರಪಾಣಿಯವರ ನಡುಮನೆಯಲ್ಲಿ ಕೂರಬೇಕಾದರೆ ಎರಡು ಸಿಗ್ನಲ್ ಹಲಗೆ ದಾಟಿ ಹೋಗಬೇಕಿತ್ತು. ಸೋಫಾದ ಮೇಲ್ಗಡೆ 'ಇಲ್ಲಿ ಉಗುಳಬಾರದು' ಎಂಬ ತಗಡಿನ ಬೋರ್ಡು. ಸೊಸೆ ಆರಾಧನಾ ಎರಡು ಲೋಟ ಕಾಫಿ ತಂದಿಟ್ಟು, ಬೋರ್ಡಿನ ಕಡೆ ನೋಡಿ ತಾನೇ ನಾಚಿಕೊಂಡು ಒಳಗೆ ಹೋದಳು.

ಮಾವನವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಉದ್ದ ಮೈ, ಒಗೆದು ಸವೆದ ಖಾದಿ ಜುಬ್ಬ. ಗೆಳೆಯ ಸತ್ತ ದುಃಖ ಮುಖದಲ್ಲಿತ್ತು. ದುಃಖದ ಜೊತೆಗೆ ಇನ್ನೇನೋ ಇತ್ತು, ವಿನುತಾ ಅದನ್ನೇ ನೋಡುತ್ತಿದ್ದಳು.

"ನೀವು ಬಸವನಗುಡಿಗೆ ಕೊನೇ ಸಲ ಹೋಗಿದ್ದು ಯಾವಾಗ ಸರ್?"

"ಗುರುವಾರ. ಅವನನ್ನ ಕಳಿಸಿಕೊಡೋಕೆ."

"ಅದಕ್ಕೆ ಮುಂಚೆ?"

"ಅದಕ್ಕೆ ಮುಂಚೆ... ಎರಡು ವಾರ ಆಗಿರ್ಬೇಕಮ್ಮಾ."

"ಭಾನುವಾರ ರಾಯರು ಇಲ್ಲಿಗೆ ಬಂದಿದ್ರಂತೆ."

"ಹೌದು. ಉಪ್ಪಿಟ್ಟು ಮಾಡ್ಸಿದ್ದೆ."

"ಟೋಕನ್ ತಂದಿದ್ರಾ?"

ಚಕ್ರಪಾಣಿಯವರ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವರ ಕಣ್ಣು ಅವರನ್ನು ಕೇಳದೆಯೇ ಗೋಡೆಯ ಕಡೆ ಹೋಯಿತು. ಅಲ್ಲೂ ಒಂದು ಗೂಟವಿತ್ತು. ಅದೂ ಖಾಲಿಯಾಗಿತ್ತು.

"ತರದೇ ಬಂದಿರಬಹುದು ಅಲ್ವಾ ಸರ್?" ವಿನುತಾ ದನಿ ಮೆತ್ತಗೆ ಮಾಡಿದಳು. ಬಲೆ ಬೀಸುವಾಗ ಅವಳ ದನಿ ಯಾವಾಗಲೂ ಹಾಗೇ. "ಮರೆತು ಬಂದಿರಬಹುದು. ವಯಸ್ಸಾದವ್ರು. ಟೋಕನ್ ಇಲ್ದಿದ್ರೆ ಏನಂತೆ, ಬನ್ನಿ ಅಂತ ನೀವೂ ಕರೆದು ಕೂರಿಸಿರಬಹುದು."

ಹೂಂ ಅಂದಿದ್ದರೆ ಬಚಾವಾಗಿಬಿಡುತ್ತಿದ್ದರು ಪುಣ್ಯಾತ್ಮ. ಆದರೆ ಮುದುಕರ ಮುಖ ಕೆಂಪಗಾಯಿತು.

"ಏನಮ್ಮಾ ಮಾತು ಇದು! ಟೋಕನ್ ಇಲ್ದೆ ವಾದಿ ಈ ಹೊಸ್ತಿಲು ತುಳಿಯೋದಾ? ಒಂದ್ಸಲ ಮೆಜೆಸ್ಟಿಕ್ಕಿಗೆ ಬಂದವನು ಮರೆತೆ ಅಂತ ವಾಪಸ್ ಹೋಗಿ ತಗೊಂಡು ಬಂದಿದ್ದ, ಗೊತ್ತಾ? ಅದೇನು ಹುಡುಗಾಟ ಅಂದ್ಕೊಂಡಿದೀರಾ?"

"ಹಾಗಾದ್ರೆ ಭಾನುವಾರದಿಂದ ಟೋಕನ್ ನಿಮ್ಮ ಮನೇಲಿತ್ತು."

ಚಕ್ರಪಾಣಿ ಗೂಟದಿಂದ ಕಣ್ಣು ಕಿತ್ತು ಲೋಟದೊಳಗೆ ನೋಡಿದರು.

"ಬುಧವಾರ ಅದು ಮೆಟ್ರೋ ಹತ್ತಿತು. ನಿಮ್ಮ ಬ್ಯಾಗಿನಲ್ಲಿ. ಲೈನ್ ಕ್ಲಿಯರಾ ತಾಯಿ ಅಂತ ಕೇಳಿ ಹೋಗಿದೀರಿ, ಆ ತಾಯಿಗೆ ನೆನಪಿದೆ. ಅದೇ ಗುಂಡಿನಲ್ಲಿ ರಾಯರ ತಲೆ ಒಡೆದಿದೆ. ಮಾರನೇ ದಿನ ಅದು ನನ್ನ ತಮ್ಮನ ಆಟೋದೊಳಗೆ ಬಿದ್ದಿದೆ, ನೀವೂ ಅಲ್ಲೇ ನಿಂತಿದ್ರಿ." ಅವಳ ದನಿ ಈಗ ಮೆತ್ತಗಿರಲಿಲ್ಲ. "ಅವನು ಬೆಳಗಿನಿಂದ ಲಾಕಪ್ಪಿನ ನೆಲದ ಮೇಲೆ ಕೂತಿದಾನೆ ಸರ್. ಅನ್ನ ನೀರು ಮುಟ್ಟಿಲ್ಲ. ನೀವಿಲ್ಲಿ ಫಿಲ್ಟರ್ ಕಾಫಿ ಕುಡೀತಿದೀರಿ. ಗಂಟಲಲ್ಲಿ ಇಳಿಯುತ್ತಾ ನಿಮಗೆ?"

ಲೋಟ ಟೀಪಾಯಿಯ ಮೇಲೆ ಕೂತಿತು, ಅರ್ಧ ಕಾಫಿ ಹೊರಗೆ ಚೆಲ್ಲಿತು. ಚಕ್ರಪಾಣಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆ ದೊಡ್ಡ ಮೈ ಅಷ್ಟು ಅಲ್ಲಾಡಿದ್ದು ನೋಡಿ ವಿನುತಾಳಿಗೇ ಒಂದು ಕ್ಷಣ ಗಾಬರಿಯಾಯಿತು.

"ನಾನು ಒಳಗೇ ಹೋಗಲಿಲ್ಲಮ್ಮಾ," ಎಂದರು ಕೊನೆಗೆ. "ಹೋಗಿದ್ದಿದ್ರೆ ಅವನು ಉಳೀತಿದ್ದನೇನೋ."

"ಅಂದ್ರೆ?"

"ಬಾಗಿಲಲ್ಲೇ ಜಾನಕಮ್ಮ ನಿಂತಿದ್ರು. ವಾದಿಗೆ ತಲೆನೋವು, ಮಾತ್ರೆ ತಗೊಂಡು ಈಗ ತಾನೇ ಕಣ್ಣು ಮುಚ್ಚಿದಾನೆ, ಎಬ್ಬಿಸ್ಬೇಡಪ್ಪ ಅಂದ್ರು. ನಾನು ಹೊರಟೆ. ಅದನ್ನಾದ್ರೂ ಕೊಟ್ಟು ಹೋಗು ಅಂತ ಕೈ ನೀಡಿದ್ರು. ನಾನು..." ಅವರು ತಮ್ಮ ಬರಿಗೈ ನೋಡಿಕೊಂಡರು. "ಕೊಟ್ಟುಬಿಟ್ಟೆ. ಟೋಕನ್ನು ಸ್ಟೇಷನ್ ಮಾಸ್ಟರ್ ಕೈಯಿಂದ ಸ್ಟೇಷನ್ ಮಾಸ್ಟರ್ ಕೈಗೇ ಹೋಗ್ಬೇಕು. ಮೂರನೆಯವರ ಕೈಗೆ ಕೊಡೋ ಹಾಗೇ ಇಲ್ಲ. ಅವತ್ತು ಬಿಸಿಲು ಜಾಸ್ತಿ ಇತ್ತು, ಮತ್ತೆ ಹೊತ್ಕೊಂಡು ಹೋಗ್ಬೇಕಲ್ಲ ಅನ್ನಿಸ್ತು. ಅಷ್ಟಕ್ಕೆ ಕೊಟ್ಟುಬಿಟ್ಟೆ."

ಯಾರ ಹತ್ತಿರವಾದರೂ ಈ ಮಾತು ಹೇಳಿದರೆ ನಗುತ್ತಾರೆ. ಕೊಲೆಯ ವಿಷಯ ಮಾತಾಡುವಾಗ ಈ ಮನುಷ್ಯನಿಗೆ ಕಾನೂನು ತಪ್ಪಿದ್ದೇ ದೊಡ್ಡದಾಗಿ ಕಾಣುತ್ತಿತ್ತು. ವಿನುತಾ ನಗಲಿಲ್ಲ. ಇಷ್ಟು ದಡ್ಡ ಸುಳ್ಳನ್ನು ಯಾರೂ ಕೂತು ಕಟ್ಟುವುದಿಲ್ಲ.

"ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೆದರಿಕೆ. ಗುಂಡು ತಂದೋನು ನಾನು, ಬಾಗಿಲಿಂದ ವಾಪಸ್ ಹೋದೆ ಅಂದ್ರೆ ಯಾರು ನಂಬ್ತಾರೆ? ಜಾನಕಮ್ಮನವ್ರೇ ಹೇಳ್ತಾರೆ ಅಂತ ಕಾದೆ. ಅವ್ರು ಹೇಳ್ಲಿಲ್ಲ. ಯಾಕೆ ಅಂತ ನಂಗೂ ಅರ್ಥ ಆಗ್ಲಿಲ್ಲ. ನಿಮ್ಮ ತಮ್ಮ ಒಳಗಿದಾನೆ ಅಂತ ಗೊತ್ತಾದ್ಮೇಲೂ ಸುಮ್ಮನಿದ್ದೆ. ತಪ್ಪು. ನಿಮ್ಮ ಮುಖ ನೋಡೋಕೆ ಆಗ್ತಿಲ್ಲ."

ವಿನುತಾ ಮುಂದಕ್ಕೆ ಬಾಗಿದಳು. "ನೀವು ಕೊಡುವಾಗ ಗುಂಡು ಹೇಗಿತ್ತು ಸರ್? ಹೊಳೀತಿತ್ತಾ?"

"ಹೊಳೆಯೋದಾ? ಛೆ ಛೆ! ಎಷ್ಟು ಜನ ಡ್ರೈವರ್‌ಗಳ ಕೈಬೆವರು ಕೂತ ಬಣ್ಣ ಅದು, ಕಾಫಿಪುಡಿ ಬಣ್ಣ. ಯಾರಾದ್ರೂ ತಿಕ್ಕಿದ್ರೆ ವಾದಿ ಬಿಡ್ತಿದ್ನಾ?"

ಚಿಲಕ. ಹೊಸ್ತಿಲು. ಉಯ್ಯಾಲೆಯ ಸರಪಳಿ. ಕೊಳಕು ಕಂಡರೆ ಕೈ ಸುಮ್ಮನಿರಲ್ಲ.

ರಕ್ತ ತೊಳೆಯಲು ನಲ್ಲಿಯ ನೀರು ಸಾಕಿತ್ತು. ಆದರೆ ಜೀವಮಾನವೆಲ್ಲ ಹಿತ್ತಾಳೆ ಕೈಗೆ ಬಂದರೆ ಹುಣಸೆಹಣ್ಣು ಹುಡುಕಿದ ಕೈ ಅದು. ತೊಳೆದು ಸುಮ್ಮನಾಗಲಿಲ್ಲ, ಬೆಳಗಿಬಿಟ್ಟಿತು. ಮಾರನೇ ದಿನ ಗೇಟಿನ ಮುಂದಿದ್ದ ಹರಿಯ ಚೀಲಕ್ಕೆ ಹಾಕಿದ್ದೂ ಅದೇ ಕೈ.

"ಬುಧವಾರ ಯಾಕೆ ಹೋಗಿದ್ರಿ ಸರ್? ಬರೀ ಕಾಫಿಗಾ?"

ಚಕ್ರಪಾಣಿ ತಲೆ ತಗ್ಗಿಸಿದರು. "ವಾದಿ ಮನೆ ಪೂರ್ತಿ ರೈಲ್ವೆ ಸಾಮಾನಿಗೆ ಬಿಟ್ಟು, ಜನ ಬಂದು ನೋಡೋ ಹಾಗೆ ಮಾಡೋಣ ಅಂತ ನಾವಿಬ್ರೂ ತೀರ್ಮಾನ ಮಾಡಿದ್ವಿ. ಅಡುಗೆಮನೆಯಲ್ಲಿ ಟಿಕೆಟ್ ಕೌಂಟರ್ ಮಾಡೋದು. ಜಾನಕಮ್ಮನವರನ್ನ ತುಮಕೂರಿಗೆ, ಅವ್ರ ನಾದಿನಿ ಮನೆಗೆ ಕಳಿಸೋದು. ಹೇಳೋಕೆ ವಾದಿಗೆ ಧೈರ್ಯ ಇರ್ಲಿಲ್ಲ. ನೀನೂ ಬಾ, ಬುಧವಾರ ಇಬ್ರೂ ಕೂತು ಹೇಳೋಣ ಅಂದಿದ್ದ. ನಾನು ವಾಪಸ್ ಬಂದ್ಮೇಲೆ ಎದ್ದು ಅವನೇ ಹೇಳಿದ್ನೋ ಏನೋ."

ಅಡುಗೆಮನೆಯಲ್ಲಿ ಟಿಕೆಟ್ ಕೌಂಟರ್! ವಿನುತಾಳಿಗೆ ಆ ನೆಟ್ಟಗಿನ ಬೆನ್ನು ಕಣ್ಣ ಮುಂದೆ ಬಂತು. ಅಷ್ಟು ವರ್ಷ ಬೇಯಿಸಿದ ಒಲೆಯ ಜಾಗದಲ್ಲಿ ಟಿಕೆಟ್ ಹರಿಯುತ್ತೇವೆ ಅಂದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಅಯ್ಯೋ ಅನ್ನಿಸಿತು. ಮರುಕ್ಷಣವೇ ಹರಿಯ ಮುಖ ನೆನಪಾಗಿ ಆ ಅಯ್ಯೋ ಅಲ್ಲಿಗೇ ಇಂಗಿಹೋಯಿತು.

ಆಗ ಫೋನು ಹೊಡೆದುಕೊಂಡಿತು. ಕೆಂಚಪ್ಪ.

"ಮೇಡಂ, ನೀವು ಗೆದ್ರಿ! ಜಾನಕಮ್ಮನವರು ಬಂದಿದಾರೆ. ಹೇಳಿಕೆ ಬರೆಸಿ ಆಯ್ತು. ನಿಮ್ಮ ತಮ್ಮ ಹೋದ್ಮೇಲೆ ಆ ಮಲ್ಲೇಶ್ವರದ ಚಕ್ರಪಾಣಿ ಬಂದನಂತೆ. ಗುಂಡು ಅವನ ಕೈಯಲ್ಲೇ ಇತ್ತಂತೆ. ಒಳಗೆ ಹೋಗಿ ಜಗಳ ಆಡಿದನಂತೆ. ಹೆದರಿ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ ಪಾಪ. ಸಹಿ ಒಂದು ಬೀಳಲಿ, ನಿಮ್ಮ ತಮ್ಮನನ್ನ ಈ ಸಂಜೆನೇ ಮನೆಗೆ ಕಳಿಸ್ತೀನಿ. ಸಹಿಗೆ ಮುಂಚೆ ನಿಮ್ಮ ಹತ್ರ ಒಂದು ಮಾತು ಆಡ್ಬೇಕಂತೆ. ತಗೊಳ್ಳಿ."

ವಿನುತಾ ಚಕ್ರಪಾಣಿಯವರಿಗೆ ಬೆನ್ನು ಮಾಡಿ ಕಿಟಕಿಯ ಹತ್ತಿರ ಹೋದಳು.

"ಏನಮ್ಮಾ ವಿನುತಾ, ಚಕ್ರಪಾಣಿ ಕಾಫಿ ಕೊಟ್ಟನಾ?" ಜಾನಕಮ್ಮನ ದನಿ ತಣ್ಣಗಿತ್ತು.

ಭಾನುವಾರದ ಉಪ್ಪಿಟ್ಟಿನ ಮಾತು ಬಾಯಿ ತಪ್ಪಿ ಬಂದದ್ದಲ್ಲ. ಮಾರ್ಗೋಸಾ ರಸ್ತೆ ಅಂತ ತಕ್ಷಣ ಹೇಳಿದ್ದೂ ಸುಮ್ಮನಲ್ಲ. ತಾನು ಇಲ್ಲಿಗೆ ಬಂದು ಕೂತದ್ದೇ ಆ ಮುದುಕಿ ಕಳಿಸಿದ್ದಕ್ಕೆ; ಗುಂಡು ಕೊನೆಗೆ ಯಾರ ಕೈಗೆ ಹೋಯಿತು ಅಂತ ಬಲ್ಲವರು ಚಕ್ರಪಾಣಿ ಒಬ್ಬರೇ. ವಿನುತಾಳಿಗೆ ತನ್ನ ಮೇಲೇ ರೇಗಿತು.

"ಅವನು ನಿಂಗೆಲ್ಲಾ ಹೇಳಿರ್ತಾನೆ," ಎಂದರು ಜಾನಕಮ್ಮ. ಪಕ್ಕದಲ್ಲಿ ಪೊಲೀಸರಿದ್ದಾರೆ ಅಂತ ಒಂದೊಂದು ಮಾತನ್ನೂ ಒರೆಸಿ ಇಡುತ್ತಿದ್ದರು. "ಹೇಳ್ಲಿ ಬಿಡು. ವಯಸ್ಸಾದವ್ರ ಮಾತು, ಅಷ್ಟು ಮನಸ್ಸಿಗೆ ಹಚ್ಕೋಬೇಡ. ನಿನ್ನ ತಮ್ಮ ಇಲ್ಲೇ ಇದಾನೆ ಕಣಮ್ಮಾ. ಕಂಬಿ ಹಿಡ್ಕೊಂಡು ನನ್ನನ್ನೇ ನೋಡ್ತಿದಾನೆ. ಪಾಪದ ಹುಡುಗ."

"ಅಮ್ಮಾ, ಆ ಗುಂಡು ಬೆಳಗಿದ್ದು..."

"ಒಂಟಿ ಹಳಿ ಕಣೇ," ಎಂದು ಜಾನಕಮ್ಮ ನಡುವೆಯೇ ಹೇಳಿದರು. ರೈಲು ಹುಚ್ಚು ನಂಗೇನು ಗೊತ್ತು ಅಂದಿದ್ದ ಅದೇ ಬಾಯಿ. "ವಾದಿ ದಿನಾ ಹೇಳ್ತಿದ್ದ. ಒಬ್ರು ಹೊರಡ್ಬೇಕಾದ್ರೆ ಇನ್ನೊಬ್ರು ನಿಲ್ಲಲೇಬೇಕು ಅಂತ. ನಿನ್ನ ತಮ್ಮ ಹೊರಡ್ಲಿ ಅನ್ನೋದೇ ನನ್ನ ಆಸೆ." ದನಿ ಪಿಸುಮಾತಿಗೆ ಇಳಿಯಿತು. " ನೀನು ಬೇಡ ಅಂದ್ರೆ, ನಂಗೆ ಸರಿಯಾಗಿ ನೆನಪಿಲ್ಲ ಅಂತ ಈ ಹಾಳೆ ಹರಿದುಹಾಕಿ ಹೋಗ್ತೀನಿ. " ಮತ್ತೆ ದನಿ ಏರಿತು. "ಪೆನ್ನು ಕೈಯಲ್ಲಿದೆ. ಹೇಳು ಮಗಳೇ, ಲೈನ್ ಕ್ಲಿಯರಾ?"

ಅವರ ಹಿಂದಿನಿಂದ, ದೂರದಲ್ಲಿ, ಹರಿ ಕೂಗಿದ್ದು ಕೇಳಿಸಿತು. "ಅಕ್ಕಾ! ಹೂಂ ಅನ್ನಕ್ಕಾ!"

ವಿನುತಾ ತಿರುಗಿದಳು. ಚಕ್ರಪಾಣಿ ಚೆಲ್ಲಿದ ಕಾಫಿಯನ್ನು ತಮ್ಮ ಟವೆಲಿನಿಂದ ಒರೆಸಿ, ಅವಳು ಮುಟ್ಟದ ಲೋಟವನ್ನು ಅವಳ ಕಡೆಗೇ ಸರಿಸಿಡುತ್ತಿದ್ದರು. ಅವಳ ಮುಖ ನೋಡಿ ಆಸೆಯಿಂದ ಕೇಳಿದರು:

"ಠಾಣೆಯಿಂದನಾ ಅಮ್ಮಾ? ನಿಮ್ಮ ತಮ್ಮನ್ನ ಬಿಟ್ರಂತಾ?"